ನೂರಿಪ್ಪತ್ತು ತುಂಡಿನ ಗದ್ದೆ

ಮನೆ ಪಾಲಾಗುವಾಗ ಎಲ್ಲವೂ ಸಲೀಸಾಗಿ ಹಂಚಿಹೋಗಿ, ಕೊನೆಗೆ ಒಂದು ವಸ್ತು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವರ ಮನೆಯಲ್ಲಿ ಅದು ಹಿತ್ತಾಳೆ ಹಂಡೆ, ಕೆಲವರಲ್ಲಿ ಹುಣಸೆ ಮರ. ಸೊಣ್ಣಮ್ಮನ ಮನೆಯಲ್ಲಿ ಅದು ಕೆರೆ ಕೆಳಗಿನ ಇಪ್ಪತ್ತು ಗುಂಟೆ ಗದ್ದೆ.

ಹೊಲ, ಹಸು, ಎತ್ತು, ಪಾತ್ರೆ ಎಲ್ಲವನ್ನೂ ಹಿರಿಯ ಮಗ ಸಂಜೀವಪ್ಪ ಎರಡು ಪಾಲು ಮಾಡಿದ್ದ, ಕಿರಿಯವ ಬೈಲಪ್ಪ ತನಗೆ ಬೇಕಾದ್ದನ್ನು ಆರಿಸಿಕೊಂಡಿದ್ದ. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು. ಸೂಲಿಬೆಲೆ ಸುತ್ತಿನ ಊರುಗಳಲ್ಲಿ ಅದೇ ಪದ್ಧತಿ. ಪಡಸಾಲೆಯ ನಡುವೆ ತಡಿಕೆ ಕಟ್ಟಿದ್ದಾಯಿತು, ಒಲೆ ಎರಡಾಯಿತು. ಸೊಣ್ಣಮ್ಮ ಮಧ್ಯಾಹ್ನ ದೊಡ್ಡವನ ಕಡೆ ಉಣ್ಣುತ್ತಿದ್ದಳು, ಸಂಜೆ ಚಿಕ್ಕವನ ಕಡೆ. ಗದ್ದೆಯ ವಿಷಯಕ್ಕೆ ಬಂದಾಗ ಮಾತ್ರ ಬೈಲಪ್ಪನಿಗೆ ಆರಿಸಲು ಆಗಲಿಲ್ಲ.

ಸಂಜೀವಪ್ಪ ಉದ್ದನೆಯ ಗದ್ದೆಯ ಸರಿಯಾದ ನಡುವಿಗೆ ಎರಡು ಗೂಟ ಹೊಡೆದು ಅಡ್ಡಕ್ಕೆ ಗೆರೆ ಹಾಕಿದ್ದ. ಮೇಲಿನರ್ಧ ಕೆರೆಯ ತೂಬಿನ ಕಡೆ, ಕೆಳಗಿನರ್ಧ ಕೋಡಿ ಹಳ್ಳದ ಕಡೆ. ತೂಬಿನ ಕಡೆಗೆ ಮೊದಲು ನೀರು. ಅದೇ ಒಳ್ಳೆಯದೆಂದು ಇಡೀ ಊರಿಗೆ ಗೊತ್ತು. ಬೈಲಪ್ಪ ಸೋಮವಾರ ತೂಬಿನ ಕಡೆ ಬೇಕೆಂದ. ಬುಧವಾರ ಬೇಡವೆಂದ. ಶುಕ್ರವಾರ ಮುದ್ದೆ ಮುರಿಯುತ್ತಾ ತಡಿಕೆಯ ಆಚೆಗೆ ಕೇಳುವ ಹಾಗೆ ಹೇಳಿದ:

"ಅಷ್ಟು ಸಲೀಸಾಗಿ ಬಿಟ್ಕೊಡ್ತಾನೆ ಅಂದ್ರೆ ಅದ್ರಲ್ಲೇನೋ ಐತೆ."

ಆ ಕಡೆಯಿಂದ ಸಂಜೀವಪ್ಪನ ಹೆಂಡತಿ ರುಕ್ಮಿಣಮ್ಮ ಸುಮ್ಮನಿರಲಿಲ್ಲ. "ಆರಿಸ್ಕೋ ಅಂದ್ರೂ ಅನುಮಾನ, ಆರಿಸ್ಬೇಡ ಅಂದ್ರೂ ಅನುಮಾನ. ಸೀರೆ ಅಂಗಡೀಲಿ ಕೂತ ಹೆಂಗಸ್ರೇ ವಾಸಿ ಕಣಪ್ಪಾ."

"ಅಕ್ಕ, ಸೀರೆ ಹರಿದ್ರೆ ಇನ್ನೊಂದು ತರ್ಬೋದು. ಗದ್ದೆ ತರೋಕಾಗ್ತದಾ?" ಎಂದಳು ಬೈಲಪ್ಪನ ಹೆಂಡತಿ ಮುನಿರತ್ನಮ್ಮ.

ಸೊಣ್ಣಮ್ಮ ಉಣ್ಣುವುದನ್ನು ನಿಲ್ಲಿಸಿದಳು. ಅವಳ ಗಂಡನೂ ಅವನ ತಮ್ಮನೂ ಒಂದು ಬದುವಿಗಾಗಿ ಜಗಳವಾಡಿ ಹೊಸಕೋಟೆ ಕೋರ್ಟಿಗೆ ಹನ್ನೊಂದು ವರ್ಷ ತಿರುಗಿದ್ದರು. ಗಂಡ ಸತ್ತ ದಿನ ಮೂರು ಮನೆ ಆಚೆ ಇದ್ದ ತಮ್ಮ ಹೆಣಕ್ಕೆ ಹೆಗಲು ಕೊಡಲು ಬರಲಿಲ್ಲ. ಪಾಲಾಗುವುದಕ್ಕೆ ಸೊಣ್ಣಮ್ಮನ ತಕರಾರಿರಲಿಲ್ಲ. ಪಾಲಾದ ಮೇಲೂ ಇಬ್ಬರೂ ಮಾತಾಡಿಕೊಂಡಿರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು.

ಆ ವಾರವೇ ಹೆಬ್ಬಾಳದ ಕೃಷಿ ಕಾಲೇಜಿನಿಂದ ರಾಮಾಂಜಿನಪ್ಪ ಬಂದ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ದೊಡ್ಡಬಳ್ಳಾಪುರದ ಕಡೆಯವನು, ಸೈಕಲ್ಲಿನ ಹಿಂದೆ ಅಳತೆಯ ಟೇಪು, ಹಗ್ಗದ ಸುರುಳಿ. ಬಯಲಿನಲ್ಲಿ ನಡುವೆ ಬದುವಿಲ್ಲದೆ ಇಷ್ಟು ಉದ್ದ, ಇಷ್ಟು ಸಮನಾಗಿದ್ದ ಗದ್ದೆ ಇದೊಂದೇ. ಒಂದು ಬೆಳೆ ತನಗೆ ಪರೀಕ್ಷೆಗೆ ಕೊಡಿ ಎಂದು ಕೇಳಿದ. ಬೀಜ, ಗೊಬ್ಬರ ಅವನದು, ಬೆಳೆ ಮನೆಯವರದು.

"ಬೀಜ ಯಾವ್ದು?" ಎಂದ ಸಂಜೀವಪ್ಪ.

"ಐಆರ್ ಎಂಟು. ಇಡೀ ಗದ್ದೆಗೆ ಅದೊಂದೇ. ಗೊಬ್ಬರ ಒಂದೇ ಸಮ, ನಾಟಿ ಒಂದೇ ದಿನ, ನೀರು, ಕಳೆ ಎಲ್ಲಾ ಒಂದೇ ತರ."

"ಎಲ್ಲಾ ಒಂದೇ ಆದ್ರೆ ಪರೀಕ್ಷೆ ಯಾತರದ್ದು ಸ್ವಾಮಿ?" ಬೈಲಪ್ಪ ನಕ್ಕ.

"ನೆಲದ್ದು. ನಾವು ಕೊಡೋದೆಲ್ಲಾ ಒಂದೇ ಆಗಿ, ಬರೋ ಬೆಳೆ ಅಲ್ಲೊಂದು ಇಲ್ಲೊಂದು ತರ ಆದ್ರೆ ಅದು ನೆಲದ ಗುಣ ತಾನೆ? ಕೊಯ್ಲಿಗೆ ಬಂದಾಗ ಗದ್ದೇನ ನಾಕು ಮೀಟರಿನ ಚೌಕಗಳಾಗಿ ನೂರಿಪ್ಪತ್ತು ತುಂಡು ಮಾಡ್ತೀವಿ. ಒಂದೊಂದು ತುಂಡಿನ ಬತ್ತಾನೂ ಬೇರೆ ಬೇರೆ ತೂಗ್ತೀವಿ. ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ನಕ್ಷೆ ಬರೀತೀವಿ. ಮುಂದೆ ಹೊಸ ತಳಿಗಳ್ನ ಹೋಲಿಸಿ ನೋಡೋಕೆ ಯಾವ ಅಳತೆ ತುಂಡು ಹಾಕ್ಬೇಕು ಅನ್ನೋದು ಅದ್ರಿಂದ ಗೊತ್ತಾಗ್ತದೆ."

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ವಾರದಲ್ಲಿ ಅವರು ಹಾಗೆ ನೋಡಿಕೊಂಡದ್ದು ಅದೇ ಮೊದಲು.

"ಅಂದ್ರೆ, ತೂಬಿನ ಕಡೆ ಎಷ್ಟು, ಕೋಡಿ ಕಡೆ ಎಷ್ಟು ಅಂತ ತೂಕದ ಮೇಲೇ ಗೊತ್ತಾಗ್ತದೆ?" ಎಂದ ಬೈಲಪ್ಪ.

"ಗ್ರಾಮ್ ಸಮೇತ."

"ಹಾಗಾದ್ರೆ ತೂಕ ಆದ್ಮೇಲೆ ಆರಿಸ್ತೀನಿ ಅಣ್ಣಾ."

"ಆರಿಸು ಮಾರಾಯ. ಎಳೆದ ಗೆರೆ ಎಳೆದಿದ್ದೇ. ನಾನು ಬದಲಾಯಿಸಲ್ಲ," ಎಂದ ಸಂಜೀವಪ್ಪ.

ಆಗಸ್ಟಿನಲ್ಲಿ ಕೆರೆಗೆ ನೀರು ಬಂತು. ನಾಟಿಯ ದಿನ ರಾಮಾಂಜಿನಪ್ಪ ಗಂಟು ಹಾಕಿದ ಹಗ್ಗ ಹಿಡಿದು, ಗಂಟಿಗೊಂದು ಪೈರು ಎಂದು ಕೂಗುತ್ತಿದ್ದ. ನಾಟಿಯ ಹೆಂಗಸರ ಮುಂದಾಳು ಪಾಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನಪ್ಪಾ, ಬತ್ತ ನೆಡ್ತಾ ಇದೀವಾ, ರವಿಕೆ ಹೊಲೀತಾ ಇದೀವಾ?"

"ಇವತ್ತೊಂದಿನ ಹೊಲಿದ್ಬಿಡಿ ಪಾಪಕ್ಕ, ನಿಮ್ಗೆ ಕೈ ಮುಗೀತೀನಿ."

"ಕೈ ಮುಗಿಯೋನಿಗೆ ಮದ್ವೆ ಆಗೈತಾ ಕೇಳ್ರೇ," ಎಂದಳು. ಗದ್ದೆಯೆಲ್ಲಾ ನಗು. ಸಂಜೆಯ ಹೊತ್ತಿಗೆ ಪೈರು ಬಾಚಿದ ತಲೆಯಂತೆ ಸಾಲುಸಾಲಾಗಿ ನಿಂತಿತ್ತು. ಊರಿನ ಗಂಡಸರು ಬೀಡಿ ಸೇದುತ್ತಾ ಬದುವಿನ ಮೇಲೆ ಕುಳಿತು ನೋಡಿದರು. ತೂಬಿನ ಕಡೆ ಹತ್ತು ಪಲ್ಲ ಹೆಚ್ಚು ಬರುತ್ತದೆ ಎಂದು ಒಬ್ಬ, ಅಲ್ಲ ಹದಿನೈದು ಎಂದು ಇನ್ನೊಬ್ಬ. ಇಡೀ ಗದ್ದೆಯಲ್ಲಿ ಅಷ್ಟು ಬೆಳೆಯುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಮೂರು ನಾಲ್ಕು ವಾರ ಕಳೆದ ಮೇಲೆ ಕೋಡಿ ಕಡೆಯ ತುದಿಯಲ್ಲಿ, ಸರಿಯಾಗಿ ನಡುಮಧ್ಯೆ, ಒಂದಿಷ್ಟು ಜಾಗದ ಪೈರು ಹಳದಿಗೆ ತಿರುಗಿತು. ಸೊಣ್ಣಮ್ಮ ಬೆಳಿಗ್ಗೆ ಹುಲ್ಲಿಗೆ ಹೋದಾಗ ಅದನ್ನು ಕಂಡಳು. ಮೊದಲೇ ಕೋಡಿ ಕಡೆ ಬಡವೆಂದು ಹೆಸರು. ಈಗ ಇದು ಬೇರೆ. ತೂಕದಲ್ಲಿ ಹೆಚ್ಚುಕಮ್ಮಿ ದೊಡ್ಡದಾಗಿ ಬಂದರೆ ಒಬ್ಬ ಮಗ ಗೆದ್ದೆನೆನ್ನುತ್ತಾನೆ, ಇನ್ನೊಬ್ಬ ಮೋಸ ಹೋದೆನೆನ್ನುತ್ತಾನೆ. ಎರಡೂ ಕಡೆ ಸಮ ಬಂದುಬಿಟ್ಟರೆ?

ಮರುದಿನದಿಂದ ಐದು ಬೆಳಿಗ್ಗೆ ಅವಳು ಕುರಿಹಟ್ಟಿಯಿಂದ ಹಿಕ್ಕೆಯನ್ನು ಬುಟ್ಟಿಯಲ್ಲಿ ತುಂಬಿ, ಮೇಲೆ ಹುಲ್ಲು ಮುಚ್ಚಿ ತಂದು, ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದು, ಆ ಹಳದಿ ಪೈರಿನ ಬುಡಕ್ಕೆ ಎರಚಿದಳು. ಎಂಟು ಮಕ್ಕಳಲ್ಲಿ ಒಂದು ಸೊರಗಿದ್ದರೆ ಅದಕ್ಕೆ ಒಂದು ತುತ್ತು ಹೆಚ್ಚು ಹಾಕದ ತಾಯಿ ಯಾರಿದ್ದಾಳೆ? ಪೈರು ಹಸಿರಾಯಿತು, ಆಮೇಲೆ ಕಪ್ಪುಹಸಿರಾಯಿತು. ಅದನ್ನು ನೋಡಿ ಸೊಣ್ಣಮ್ಮ ಎರಡು ಹೊತ್ತೂ ಹೊಟ್ಟೆ ತುಂಬ ಉಂಡಳು.

"ಏನತ್ತೆ, ಈಚೆಗೆ ಮುದ್ದೆ ಎರಡು ಕೇಳ್ತೀರಿ?" ಎಂದಳು ರುಕ್ಮಿಣಮ್ಮ.

"ಗದ್ದೆ ಚೆನ್ನಾಗೈತಲ್ಲವ್ವಾ, ಹಸಿವಾಗ್ತದೆ."

ಡಿಸೆಂಬರಿನಲ್ಲಿ ಕೊಯ್ಲು. ರಾಮಾಂಜಿನಪ್ಪ ಎರಡು ದಿನ ಮುಂಚೆಯೇ ಬಂದು, ಸುತ್ತ ಅಂಚಿನ ಪೈರನ್ನು ಕೊಯ್ಯಿಸಿ ಬೇರೆ ಹಾಕಿಸಿದ. ಅಂಚಿನ ಗಿಡಕ್ಕೆ ಗಾಳಿ ಬೆಳಕು ಹೆಚ್ಚು, ಅದು ಲೆಕ್ಕಕ್ಕಿಲ್ಲ ಎಂದ. ಆಮೇಲೆ ಗೂಟ ಹೊಡೆದು ಹಗ್ಗ ಎಳೆದ. ಅಗಲಕ್ಕೆ ಆರು, ಉದ್ದಕ್ಕೆ ಇಪ್ಪತ್ತು. ಗದ್ದೆ ದೊಡ್ಡ ಚೌಕಾಬಾರದ ಮನೆಯಂತೆ ಕಂಡಿತು. ಒಂದೊಂದು ಚೌಕವನ್ನೂ ಬೇರೆಯಾಗಿ ಕೊಯ್ದು, ಹೊರೆಗೆ ನಂಬರಿನ ಚೀಟಿ ಕಟ್ಟಿ, ಕಣಕ್ಕೆ ಸಾಗಿಸಿ, ಬೇರೆ ಬೇರೆಯಾಗಿ ಬಡಿದರು. ನಾಲ್ಕು ದಿನ ಕೆಲಸ. ಅಣ್ಣತಮ್ಮಂದಿರು ಒಬ್ಬರು ಬಡಿದರೆ ಒಬ್ಬರು ತೂರಿದರು. ಕೆಲಸದ ಬಿರುಸಿನಲ್ಲಿ ಮುನಿಸು ಮರೆತು "ಆ ಮೊರ ಕೊಡೋ", "ಹಿಡಿಯಣ್ಣಾ" ಎಂದುಕೊಂಡರು.

"ಹುಲ್ಲು ನೋಡ್ರೀ, ಮೊಳಕಾಲುದ್ದಾನೂ ಇಲ್ಲ. ಎತ್ತುಗಳಿಗೆ ಚೀಟಿ ತಿನ್ನಿಸೋದಾ?" ಎಂದು ರುಕ್ಮಿಣಮ್ಮ ಗೊಣಗಿದಳು.

ತೂಕದ ದಿನ ಕಣದ ಸುತ್ತ ಅರ್ಧ ಊರು. ಬೇವಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ನೇತಾಡುತ್ತಿತ್ತು. ಮೊದಲ ಗುಡ್ಡೆ ಎತ್ತಿದಾಗ ರಾಮಾಂಜಿನಪ್ಪ "ಒಂದು" ಎನ್ನಹೊರಟ.

"ಲಾಭ ಅನ್ನಪ್ಪಾ! ರಾಶಿ ಮುಂದೆ ಒಂದು ಅಂತ ಶುರು ಮಾಡ್ತಾರಾ?" ಸೊಣ್ಣಮ್ಮ ಗದರಿದಳು.

"ಲಾಭ," ಎಂದು ಕೂಗಿ, ಪುಸ್ತಕದಲ್ಲಿ ಒಂದು ಎಂದು ಬರೆದುಕೊಂಡ. "ನಾಕು ಕೆಜಿ ಇನ್ನೂರು."

ತೂಬಿನ ಬಾಯಿಯಲ್ಲೇ ಇದ್ದ ತುಂಡು ಅದು. ಗುಂಪಿನಲ್ಲಿ ಗುಸುಗುಸು ಎದ್ದಿತು. ಎರಡನೆಯದು ನಾಲ್ಕೂವರೆ. ಮೂರನೆಯದು ನಾಲ್ಕಕ್ಕೂ ಕಡಿಮೆ.

"ತಕ್ಕಡಿ ಸರಿಯಿಲ್ಲ," ಎಂದ ಸಂಜೀವಪ್ಪ.

ರಾಮಾಂಜಿನಪ್ಪ ಎರಡು ಕೆಜಿ ಬಟ್ಟು ಹಾಕಿ ತೋರಿಸಿದ. ಮುಳ್ಳು ಎರಡಕ್ಕೇ ನಿಂತಿತು.

ನೂರಿಪ್ಪತ್ತು ಅಂಕಿ ಕಿವಿಗೆ ಬಿದ್ದರೆ ಯಾರಿಗೆ ತಾನೆ ನೆನಪಿರುತ್ತದೆ? ಮನೆಗೆ ಬಂದ ಮೇಲೆ ಮುನಿರತ್ನಮ್ಮನೇ ಉಪಾಯ ಹೂಡಿದಳು. ಅವಳು ನಾಲ್ಕನೇ ಕ್ಲಾಸು ಓದಿದವಳು, ರಂಗೋಲಿಯಲ್ಲಿ ಊರಿಗೇ ಎತ್ತಿದ ಕೈ. ಸಗಣಿ ಸಾರಿಸಿದ ಅಂಗಳದಲ್ಲಿ ಅಗಲಕ್ಕೆ ಆರು, ಉದ್ದಕ್ಕೆ ಇಪ್ಪತ್ತು ಮನೆ ಎಳೆದಳು.

"ನೀವು ಓದ್ತಾ ಹೋಗಿ ಸಾರ್. ಏಳು ಕೆಜಿ ಮೇಲಿದ್ರೆ ಕೆಮ್ಮಣ್ಣು ತುಂಬ್ತೀನಿ. ಐದರಿಂದ ಏಳಕ್ಕೆ ಬೂದಿ. ಐದಕ್ಕೆ ಕಮ್ಮಿ ಇದ್ರೆ ಬಿಳೀ ಪುಡಿ."

ಅವನು ಓದಿದ, ಅವಳು ತುಂಬಿದಳು. ಮನೆಯವರೆಲ್ಲ ಬಗ್ಗಿ ನೋಡಿದರು. ತೂಬಿನ ಕಡೆಯ ನಾಲ್ಕು ಸಾಲು ಬಿಳಿಬಿಳಿ. ಆಮೇಲೆ ಬೂದಿ. ಸಂಜೀವಪ್ಪನ ಅಡ್ಡಗೆರೆ ದಾಟುತ್ತಲೇ ಕೆಂಪು ಶುರುವಾಗಿ, ಐದಾರು ಸಾಲು ಅಗಲಕ್ಕೂ ಕೆಂಪು ಪಟ್ಟೆ. ಅಲ್ಲಿಂದ ಮುಂದೆ ಮತ್ತೆ ಬೂದಿ, ಕೊನೆಯಲ್ಲಿ ಬಿಳಿ. ಆ ಬಿಳಿಯ ನಡುವೆ, ಕೊನೆಯ ಎರಡು ಸಾಲಿನಲ್ಲಿ, ನಾಲ್ಕು ಮನೆ ಮಾತ್ರ ಸುಡುವ ಕೆಂಡದ ಹಾಗೆ ಕೆಂಪು.

"ಊರೆಲ್ಲಾ ತೂಬು ತೂಬು ಅಂತಿತ್ತಲ್ಲೋ!" ಎಂದಳು ರುಕ್ಮಿಣಮ್ಮ.

"ನೀರು ಮೊದಲು ಬರ್ತದೆ, ಸರಿ," ಎಂದ ರಾಮಾಂಜಿನಪ್ಪ. ಅವನ ಮುಖದಲ್ಲಿ ಮದುವೆಮನೆಯ ಕಳೆ. "ನೀರಿನ ಜೊತೆ ಮರಳೂ ಬರ್ತದಲ್ಲಾ. ಮರಳು ಇಲ್ಲೇ ಇಳೀತದೆ, ನಯವಾದ ಗೋಡು ಮಣ್ಣು ತೇಲ್ಕೊಂಡು ನಡುವಿಗೆ ಹೋಗಿ ಕೂತ್ಕೊಳ್ತದೆ. ಐವತ್ತು ಅರವತ್ತು ವರ್ಷದಿಂದ ಹೀಗೇ ನಡೆದಿರ್ಬೇಕು. ಆದ್ರೆ..." ಅವನ ಬೆರಳು ಆ ನಾಲ್ಕು ಕೆಂಪು ಮನೆಗಳ ಮೇಲೆ ನಿಂತಿತು. "ಇದು ಮಾತ್ರ ನೆಲದ ಕೆಲ್ಸ ಅಲ್ಲ."

ಬೈಲಪ್ಪ ತಟ್ಟನೆ ನೆಟ್ಟಗಾದ. "ನನಗೊತ್ತು ಯಾರ ಕೆಲ್ಸ ಅಂತ. ಕೋಡಿ ಕಡೆ ನನ್ ತಲೆಗೆ ಕಟ್ಬೇಕು ಅಂತ ಗೊಬ್ಬರ ಸುರಿದವ್ನೆ!"

"ಲೇ ಬೈಲಾ, ನಾಲಿಗೆ ಬಿಗಿಹಿಡಿ! ಕೋಡಿ ಕಡೆ ಆಗ್ಲೇ ಕೆಂಪಗೈತೆ, ನಾನು ಸುರಿಯೋದ್ ಏನು ಬಂತು?"

"ಅದು ಇವತ್ತು ಗೊತ್ತಾಯ್ತು. ಅವತ್ತು ನಿನಗೇನು ಗೊತ್ತಿತ್ತು?"

"ಅಪ್ಪನ ಆಣೆಗೂ ನಾನು ಕೈ ಹಾಕಿಲ್ಲ!"

"ಅಪ್ಪನ್ನ ಎಳೀಬೇಡ. ಅಪ್ಪನೂ ಹಿಂಗೇ ಆಣೆ ಇಟ್ಟೇ ಚಿಕ್ಕಪ್ಪನ್ನ..."

"ಸಾಕು!" ಎಂದಳು ಸೊಣ್ಣಮ್ಮ. ಸೆರಗು ಬಾಯಿಗೆ ಹೋಗಿತ್ತು, ತೆಗೆದಳು. "ನಾನೇ ಹಾಕಿದ್ದು. ಕುರಿ ಹಿಕ್ಕೆ. ಐದು ಬುಟ್ಟಿ."



"ಯಾಕಮ್ಮಾ?" ಎಂದ ಸಂಜೀವಪ್ಪ.

"ಪೈರು ಹಳದಿ ಆಗಿತ್ತು. ಎರಡೂ ಕಡೆ ಸಮ ಬಂದ್ರೆ ನೀವು ಕಚ್ಚಾಡಲ್ಲ ಅಂದ್ಕೊಂಡೆ. ನಿಮ್ಮಪ್ಪನ್ನ ಎತ್ತೋಕೆ ನಾಕನೇ ಹೆಗಲು ಹುಡುಕಿದೋಳು ನಾನು. ನನ್ನ ಎತ್ತೋವಾಗ ನೀವಿಬ್ರೂ ಒಂದೇ ಕಡೆ ಇರ್ಬೇಕು ಕಣ್ರೋ, ಅಷ್ಟೇಯಾ."

ಬೈಲಪ್ಪ ಅಂಗಳದ ಅಂಚಿನ ಕಲ್ಲಿನ ಮೇಲೆ ಕುಳಿತ. ರಾಮಾಂಜಿನಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ಅಮ್ಮಾ, ನೀವು ಗದ್ದೇನ ಸಮ ಮಾಡೋಕೆ ಹೊರಟ್ರಿ. ನಾನು ಬಂದಿದ್ದು ಅದು ಎಷ್ಟು ಸಮ ಇಲ್ಲ ಅಂತ ನೋಡೋಕೆ."

"ನಿನ್ ಪರೀಕ್ಷೆ ಕೆಟ್ಟೋಯ್ತೇನಪ್ಪಾ?"

"ನಾಕು ತುಂಡು ಕೆಟ್ಟಿದೆ. ಪುಸ್ತಕದಲ್ಲಿ ಇದ್ದಿದ್ದು ಇದ್ದ ಹಾಗೆ ಬರೀತೀನಿ. ಮನೆಯ ಹಿರಿಯರು ಐದು ಬುಟ್ಟಿ ಕುರಿಗೊಬ್ಬರ ಹಾಕಿದ್ರಿಂದ ಈ ನಾಕನ್ನ ಬಿಟ್ಟಿದೆ ಅಂತ. ಉಳಿದ ನೂರಾ ಹದಿನಾರು ಗಟ್ಟಿಯಾಗಿವೆ." ಅವನು ಗೀಟು ಹಾಕಿ ಕೂಡಿಸತೊಡಗಿದ. "ಗೆರೆಯಿಂದ ಮೇಲೆ, ತೂಬಿನ ಕಡೆ, ಮುನ್ನೂರ ನಲವತ್ತೆಂಟು ಕೆಜಿ. ಗೆರೆಯಿಂದ ಕೆಳಗೆ, ನಾಕು ತುಂಡು ಬಿಟ್ಟೂ, ಮುನ್ನೂರ ಎಂಬತ್ತೇಳು."

ಮೂವತ್ತೊಂಬತ್ತು ಕೆಜಿ ಹೆಚ್ಚು. ಊರೆಲ್ಲಾ ಬಡವೆಂದ ಕಡೆಯಲ್ಲಿ!

ಎಲ್ಲರ ಕಣ್ಣೂ ಬೈಲಪ್ಪನ ಮೇಲೆ. ಗೆರೆ ಎಳೆದವನು ಅಣ್ಣ, ಆರಿಸುವವನು ಅವನು. ಕೋಡಿ ಕಡೆ ಎಂದು ಒಂದು ಮಾತು ಹೇಳಿದರೆ ಮುಗಿಯಿತು, ಯಾರೂ ತಪ್ಪೆನ್ನುವ ಹಾಗಿಲ್ಲ.

ಸಂಜೀವಪ್ಪನ ಮುಖ ಬಿಳಿಚಿತ್ತು. ಆದರೂ ಹೇಳಿದ: "ಎಳೆದ ಗೆರೆ ಎಳೆದಿದ್ದೇ ಅಂದಿದ್ದೆ. ಆರಿಸ್ಕೋ."

"ನಾಳೆ ಹೇಳ್ತೀನಿ," ಎಂದು ಬೈಲಪ್ಪ ಎದ್ದುಹೋದ.

ನಾಳೆ ಹೋಗಿ ವಾರವಾಯಿತು. ಮುನಿರತ್ನಮ್ಮ ದಿನವೂ ನಕ್ಷೆಯ ಸುತ್ತ ಗುಡಿಸುತ್ತಿದ್ದಳೇ ಹೊರತು ಅದನ್ನು ಅಳಿಸಲಿಲ್ಲ. ಕೋಳಿ ಕೆದಕಿದ ಮನೆಗಳಿಗೆ ಹೊಸ ಬಣ್ಣ ತುಂಬಿದಳು. ಒಂದು ಬೆಳಿಗ್ಗೆ ಗಂಡನಿಗೆ ಅವರೆಕಾಳಿನ ಸಾರು ಬಡಿಸುತ್ತಾ ಕೇಳಿದಳು:

"ಕೋಡಿ ಕಡೆ ತಗೊಂಡ್ರೆ ನೀರು ಎಲ್ಲಿಂದ ಬರ್ತದೆ?"

"ತೂಬಿನಿಂದ."

"ಯಾರ ಗದ್ದೆ ದಾಟ್ಕೊಂಡು?"

"ಅಣ್ಣಂದು," ಎಂದ ಬೈಲಪ್ಪ.

"ಮೂವತ್ತೊಂಬತ್ತು ಕೆಜಿ ಬತ್ತಕ್ಕೆ ವರ್ಷಾ ವರ್ಷ ಭಾವನ ಮುಖ ನೋಡ್ತಾ ನೀರು ಬಿಡೋ ಮಡೆ ಮುಂದೆ ನಿಂತ್ಕೋತೀರಾ? ಮಳೆ ಕಮ್ಮಿ ಆದ ವರ್ಷ ಏನ್ ಮಾಡ್ತೀರಾ?"

"ಹಾಗಾದ್ರೆ ತೂಬಿನ ಕಡೆ ತಗೊಂಡು ಮರಳು ಉಣ್ಣಾನಾ?"

ತಡಿಕೆಯ ಆಚೆಯಿಂದ ರುಕ್ಮಿಣಮ್ಮನ ಧ್ವನಿ ಬಂತು. ತಡಿಕೆ ಎನ್ನುವುದು ನೋಟಕ್ಕೆ ಮರೆ, ಕಿವಿಗೆ ಅಲ್ಲ. "ಏನ್ ಗಂಡಸ್ರೋ! ಕಬ್ಬು ಹಂಚೋವಾಗ ಅಡ್ಡಕ್ಕೆ ಮುರಿದ್ರೆ ಬುಡ ಒಬ್ಬರಿಗೆ, ಸಪ್ಪೆ ತುದಿ ಒಬ್ಬರಿಗೆ. ಉದ್ದಕ್ಕೆ ಸೀಳಿದ್ರೆ ಇಬ್ಬರಿಗೂ ಸಿಹಿ. ಗದ್ದೇನ ಅಡ್ಡಕ್ಕೇ ಮುರೀಬೇಕು ಅಂತ ಯಾವ ದೇವ್ರು ಹೇಳಿದ್ದು?"

ಮುನಿರತ್ನಮ್ಮ ಸೌಟು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿದಳು. ರಂಗೋಲಿಯ ಬಟ್ಟಲು ತೆಗೆದುಕೊಂಡು, ತೂಬಿನಿಂದ ಕೋಡಿಯವರೆಗೆ, ಆರು ಮನೆಗಳ ನಡುವೆ, ಮೂರು ಆ ಕಡೆ ಮೂರು ಈ ಕಡೆ ಬರುವಂತೆ ಒಂದೇ ಎಳೆ ಎಳೆದಳು. ಬಿಳಿ ಇಬ್ಬರಿಗೂ ಬಂತು, ಬೂದಿ ಇಬ್ಬರಿಗೂ, ಕೆಂಪು ಪಟ್ಟೆ ಇಬ್ಬರಿಗೂ. ಸೊಣ್ಣಮ್ಮನ ನಾಲ್ಕು ಮನೆಗಳೂ ಎರಡೆರಡಾಗಿ ಹಂಚಿಹೋದವು. ತೂಬಿನ ನೀರಿಗೆ ಇಬ್ಬರ ಬಾಯೂ ತೆರೆದಿತ್ತು.

"ಅಕ್ಕಾ! ಬನ್ನಿ ಇಲ್ಲಿ!"

ಶನಿವಾರ ಹುಲ್ಲಿನ ತೂಕಕ್ಕೆಂದು ಬಂದ ರಾಮಾಂಜಿನಪ್ಪನನ್ನು ಸೈಕಲ್ಲಿನಿಂದ ಇಳಿಯಲೂ ಬಿಡಲಿಲ್ಲ. ಅವನು ನಿಂತಲ್ಲೇ ಪುಸ್ತಕ ಬಿಚ್ಚಿ ಕೂಡಿಸಿದ. "ಎಡಕ್ಕೆ ಮುನ್ನೂರ ಅರವತ್ತೊಂಬತ್ತು. ಬಲಕ್ಕೆ ಮುನ್ನೂರ ಅರವತ್ತಾರು." ತಾನೇ ನಂಬದವನಂತೆ ಇನ್ನೊಂದು ಸಲ ಕೂಡಿಸಿದ. "ಮೂರೇ ಕೆಜಿ! ನಾವು ತಳಿ ಪರೀಕ್ಷೆಗೆ ತುಂಡುಗಳ್ನ ಹೀಗೇ ಉದ್ದುದ್ದಕ್ಕೆ ಹಾಕೋದು. ಒಳ್ಳೆ ನೆಲ ಕೆಟ್ಟ ನೆಲ ಎಲ್ಲರಿಗೂ ಸಿಗ್ಲಿ ಅಂತ. ಇದನ್ನ ನಿಮಗೆ ಯಾರು ಹೇಳ್ಕೊಟ್ರು?"

"ಕಬ್ಬು," ಎಂದಳು ರುಕ್ಮಿಣಮ್ಮ.

ಬೈಲಪ್ಪ ಅಣ್ಣನ ಎದುರು ನಿಂತ. "ಅಣ್ಣಾ, ಆ ಗೆರೆ ಅಳಿಸಿ ಈ ಗೆರೆ ಎಳೀತೀಯಾ?"

ಸಂಜೀವಪ್ಪ ಎಳೆದ ಗೆರೆ ಬದಲಾಯಿಸದ ಮನುಷ್ಯ. ಆದರೆ ಮೂವತ್ತೊಂಬತ್ತು ಕೆಜಿ ಕೈಯಲ್ಲಿಟ್ಟುಕೊಂಡು ತಮ್ಮನೇ ಬಿಡಲು ಬಂದಿದ್ದಾನೆ. ಒಳ್ಳೆಯತನವೂ ಲಾಭವೂ ಒಂದೇ ಗಾಡಿಯಲ್ಲಿ ಬಂದಾಗ ಯಾವುದನ್ನು ಮೊದಲು ಇಳಿಸಬೇಕೆಂದು ಯೋಚಿಸುತ್ತಾ ನಿಲ್ಲಬಾರದು. "ಎಳೆದೆ," ಎಂದ. "ಯಾವ ಕಡೆ ನಿಂದು?"

"ಯಾವುದಾದ್ರೂ ಸರಿ. ಬಲಕ್ಕೆ."

"ಮೂರು ಕೆಜಿ ಕಮ್ಮಿ ಕಣೋ ಅದು."

"ಹೋಗ್ಲಿ ಬಿಡು, ಎರಡು ದಿನದ ಕೂಳು."

ಇಬ್ಬರೂ ಅಲ್ಲೇ ಗದ್ದೆಗೆ ಹೊರಟರು. ಮನೆಯವರೆಲ್ಲ ಹಿಂದೆ. ಕೂಳೆ ಒಣಗಿ ನಿಂತಿದ್ದ ಗದ್ದೆಯಲ್ಲಿ ಸಂಜೀವಪ್ಪ ತೂಬಿನಿಂದ ಕೋಡಿಯವರೆಗೆ ಹೆಜ್ಜೆ ಹಾಕಿ ಬಂದ.

"ಇಷ್ಟುದ್ದಕ್ಕೂ ಬದು ಹಾಕ್ಬೇಕು. ಒಂದು ಮೊಳ ಅಗಲ."

ರಾಮಾಂಜಿನಪ್ಪನಿಗೆ ಲೆಕ್ಕದ ಹುಚ್ಚು. "ಒಂದು ಮೊಳ ಅಂದ್ರೆ ಎರಡು ತುಂಡಿಗೂ ಮೇಲಾಯ್ತು. ಹದಿನಾಕು ಕೆಜಿ ಬತ್ತ ಬದು ತಿನ್ನುತ್ತೆ."

"ಹದಿನಾಕಾ!" ಬೈಲಪ್ಪ ಬೆಚ್ಚಿದ. "ಮೂರು ಕೆಜಿಗೆ ಇಷ್ಟು ತಿಂಗಳು ಒದ್ದಾಡಿ, ಹದಿನಾಕು ಬದುವಿಗೆ ಹಾಕೋದಾ? ಅರ್ಧ ಮೊಳ ಸಾಕು."

"ಅರ್ಧ ಮೊಳದ ಬದು ಮೊದಲ ಮಳೇಗೇ ಕರಗ್ತದೆ," ಎಂದ ಸಂಜೀವಪ್ಪ.

"ಕರಗೋದಾದ್ರೆ ಯಾಕೆ ಹಾಕೋದು?"

"ಹಾಕ್ದಿದ್ರೆ ನೀರು ಎರಡೂ ಕಡೆ ಒಂದೇ ಆಗ್ತದಲ್ಲೋ."

"ಆಗ್ಲಿ, ಒಂದೇ ತೂಬು ತಾನೆ? ಆ ತುದಿಗೊಂದು ಕಲ್ಲು, ಈ ತುದಿಗೊಂದು ಕಲ್ಲು ನೆಟ್ರೆ ಆಯ್ತು. ಕೊಯ್ಲಿನಲ್ಲಿ ಹಗ್ಗ ಎಳೆಯಾನ."

ಸಂಜೀವಪ್ಪ ಗದ್ದೆಯನ್ನೊಮ್ಮೆ ನೋಡಿದ. "ಬದು ಇಲ್ದೆ ನೀನೊಂದಿನ ನಾನೊಂದಿನ ಉಳೋಕಾಗಲ್ಲ. ಒಂದೇ ದಿನ ಉಳ್ಬೇಕು, ಒಂದೇ ದಿನ ನಾಟಿ ಆಗ್ಬೇಕು."

"ಎರಡು ಜೊತೆ ಎತ್ತು ಒಂದರ ಹಿಂದೆ ಒಂದು ಹೋದ್ರೆ ಬೇಗ ಆಗ್ತದೆ. ನೀನ್ ಮುಂದೆ ಹೊಡಿ."

ಸೊಣ್ಣಮ್ಮ ಇಬ್ಬರ ಮುಖವನ್ನೂ ನೋಡಿದಳು. ಏನೂ ತಿಳಿಯದವಳ ಹಾಗೆ ಕೇಳಿದಳು: "ಹಾಗಾದ್ರೆ ನಾಟಿ ದಿನ ಪಾಪಕ್ಕನ ಗುಂಪಿಗೆ ಊಟ ಯಾರ ಮನೇದು?"

"ನಮ್ದು," ಎಂದರು ಇಬ್ಬರು ಸೊಸೆಯರೂ ಒಟ್ಟಿಗೇ.

"ನಾನು ಹಿರೀ ಸೊಸೆ, ಮೊದಲ ವರ್ಷ ನಮ್ಮನೇದೇ," ಎಂದಳು ರುಕ್ಮಿಣಮ್ಮ.

"ಅದ್ಯಾಕಕ್ಕಾ? ಗೆರೆ ಎಳೆದೋಳು ನಾನು!"

"ಕಬ್ಬು ಸೀಳಿದ್ದು ಯಾರು?"

"ನಿಮ್ಮ ಸಾರಿಗೆ ಉಪ್ಪು ಜಾಸ್ತಿ ಅಂತ ಪಾಪಕ್ಕಾನೇ ಅಂದವ್ರೆ."

"ಯಾವಾಗ ಅಂದ್ಲು? ಕರೀ ಅವಳ್ನ!"

ಜಗಳ ಗದ್ದೆ ದಾಟಿ ಕೆರೆಯ ಏರಿಯವರೆಗೂ ಕೇಳಿಸಿತು. ಗಂಡಂದಿರು ಬಿಡಿಸಲು ನೋಡಿದರು. ಸೊಣ್ಣಮ್ಮ ಮಾತ್ರ ಕೂಳೆಯ ಮೇಲೆ ಸೆರಗು ಹಾಸಿ ಆರಾಮಾಗಿ ಕುಳಿತಳು.

"ಬಿಡಿಸ್ಬೇಡಿ ಕಣ್ರೋ," ಎಂದಳು, "ನಡೀಲಿ ಬಿಡಿ."